ಪುಟದ ಗೆರೆಯಿಂದ ರಂಗದ ಗೋಡೆಗೆ: ನನ್ನ ಅನುಭವ

ಹಲವು ವರ್ಷಗಳಿಂದ ಕಥೆ, ಕವಿತೆಗಳಿಗೆ ರೇಖಾಚಿತ್ರ ಬರೆಯುತ್ತಿರುವ ನನಗೆ ಬಳ್ಳಾರಿಯ ಹವ್ಯಾಸಿ ತಂಡವೊಂದು ತನ್ನ ಪೌರಾಣಿಕ ನಾಟಕದ ರಂಗಸಜ್ಜಿಕೆಯನ್ನು ಒಪ್ಪಿಸಿದಾಗ, ಪುಟದ ಚಿತ್ರವನ್ನೇ ಹಿಗ್ಗಿಸಿ ಬರೆದರೆ ಅರಮನೆ ಸಿದ್ಧವಾಗುತ್ತದೆಂದು ಭಾವಿಸಿದ್ದೆ. ಮರದ ಚೌಕಟ್ಟುಗಳಿಗೆ ಕೋರಾ ಬಟ್ಟೆ ಬಿಗಿದು, ಅಂಟು ಮತ್ತು ಸೀಮೆಸುಣ್ಣದ ಪುಡಿಯ ಲೇಪ ಕೊಟ್ಟು, ಕಂಬಗಳ ಬಳ್ಳಿ, ಹಂಸ, ಮುತ್ತಿನ ಸಾಲುಗಳನ್ನು ಸಣ್ಣ ಕುಂಚದಿಂದ ಒಂದು ವಾರ ಕುಳಿತು ಬಿಡಿಸಿದೆ. ಕೊನೆಯ ಸಾಲಿನಲ್ಲಿ ಕುಳಿತು ನೋಡಿದರೆ ಅವೆಲ್ಲ ಬೂದುಬಣ್ಣದ ಮಸುಕಾಗಿದ್ದವು.

ಕಾರಣ ಸರಳ ಲೆಕ್ಕದಲ್ಲಿದೆ. ಓದುಗನು ಪುಟವನ್ನು ಸುಮಾರು 40 ಸೆಂಟಿಮೀಟರ್ ದೂರದಿಂದ ನೋಡುತ್ತಾನೆ. ಹಿಂದಿನ ಸಾಲಿನ ಪ್ರೇಕ್ಷಕನು 20 ಮೀಟರ್ ದೂರದಲ್ಲಿದ್ದರೆ ಆ ಅಂತರ 50 ಪಟ್ಟು. ಪುಟದಲ್ಲಿ ಅರ್ಧ ಮಿಲಿಮೀಟರ್ ಇರುವ ಗೆರೆ ಅವನಿಗೆ ಅಷ್ಟೇ ದಪ್ಪವಾಗಿ ಕಾಣಬೇಕಾದರೆ ರಂಗದ ಮೇಲೆ 25 ಮಿಲಿಮೀಟರ್ ಇರಬೇಕು. ಹಾಗೆ ದಪ್ಪ ಮಾಡಿದರೆ ಮುಂದಿನ ಸಾಲಿನವರಿಗೆ ಅರಮನೆ ಬಳಪದಲ್ಲಿ ಗೀಚಿದಂತೆ ಕಾಣುತ್ತದೆ. ಗೆರೆಯನ್ನೇ ಬಿಟ್ಟು, ಬೆಳಕು ತಾನೇ ನೆರಳಿನಿಂದ ಗೆರೆ ಎಳೆಯುವಂತೆ ಗೋಡೆಯನ್ನು ಉಬ್ಬಿಸಬೇಕೆಂಬ ತೀರ್ಮಾನಕ್ಕೆ ಬಂದೆ. ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಯಾಟ ಕಂಡವರಿಗೆ ಇದು ಹೊಸದೆನಿಸದು. ಅಲ್ಲಿ ಗೊಂಬೆಯ ಒಡವೆಗಳು ಹೊಳೆಯುವುದು ತೊಗಲಿನಲ್ಲಿ ಕೊರೆದ ಸಣ್ಣ ರಂಧ್ರಗಳಿಂದ ಹಾಯ್ದು ಬರುವ ಬೆಳಕಿನಿಂದ.

ಉಬ್ಬಿಸುವ ವಿಧಾನವನ್ನು ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ನೋಡಿ ಕಲಿತೆ. ಅಲ್ಲಿನ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆಯ ಭಾಗಗಳನ್ನು ಕೆತ್ತಿ ಜೋಡಿಸಿ, ಮೇಲೆ ಕಿಟ್ಟ ಲೇಪಿಸುತ್ತಾರೆ: ನೆನೆಸಿ ಒಣಗಿಸಿ ಪುಡಿಮಾಡಿದ ಗೋಣಿಯ ಚೂರು, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಸೇರಿದ ಹದ. ಒಡವೆ, ಅಂಚುಗಳನ್ನು ಬೆಣಚುಕಲ್ಲಿನ ಪುಡಿಗೆ ಅಂಟು ಬೆರೆಸಿದ ಮಿಶ್ರಣದಿಂದ ಎಬ್ಬಿಸುತ್ತಾರೆ. ಒಂದು ಗೇಣಿನ ಗೊಂಬೆಗೆ ಒದಗುವ ಈ ಹದ ಎಂಟಡಿ ಕಂಬಕ್ಕೆ ಒದಗುತ್ತದೆಯೇ ಎಂಬುದೇ ನನ್ನ ಅಳುಕಾಗಿತ್ತು. ಮೊದಲ ಕಂಬಕ್ಕೆ ಅವಸರದಿಂದ ಒಂದೇ ಸಲ ದಪ್ಪವಾಗಿ ಬಳಿದು ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಇಟ್ಟೆ. ಸಂಜೆಗೆ ಅದು ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಆಮೇಲೆ ಮೂರು ತೆಳು ಪದರ ಕೊಟ್ಟೆ, ಪದರಗಳ ನಡುವೆ ಹಳೆಯ ಪಂಚೆಯ ಪಟ್ಟಿ ಅಂಟಿಸಿದೆ, ನೆರಳಿನಲ್ಲಿ ಒಣಗಿಸಿದೆ. ಬಿರುಕು ನಿಂತಿತು. ಬಟ್ಟೆಯ ಮೇಲೆ ಇಷ್ಟು ಭಾರ ನಿಲ್ಲದೆಂದು ಕಂಬಗಳಿಗೆ ಮಾತ್ರ ತೆಳು ಪ್ಲೈವುಡ್ ಬಳಸಿದ್ದೆ.

ಬಣ್ಣದ ಪಾಠ ಕಲಿತದ್ದು ಬೆಳಕಿನ ತಾಲೀಮಿನ ದಿನ. ಆಸ್ಥಾನದ ದೃಶ್ಯಕ್ಕೆ ನಿರ್ದೇಶಕರು ದೀಪಗಳ ಮುಂದೆ ಜೇನುಬಣ್ಣದ ಪಾರದರ್ಶಕ ಹಾಳೆ ಹಾಕಿಸಿದ್ದರು. ನಾನು ಅಕ್ಕರೆಯಿಂದ ಬಳಿದ ನೀಲಿ ಕಂಬಗಳು ಆ ಬೆಳಕಿನಲ್ಲಿ ಮಸಿಯಂತಾದವು, ಏಕೆಂದರೆ ಜೇನುಬಣ್ಣದ ಹಾಳೆ ನೀಲಿ ಕಿರಣಗಳನ್ನು ತಡೆಯುತ್ತದೆ, ನೀಲಿ ಬಣ್ಣಕ್ಕೆ ಹಿಂದಿರುಗಿಸಲು ಹೆಚ್ಚೇನೂ ಉಳಿಯುವುದಿಲ್ಲ. ಸಂಡೂರಿನ ಕಡೆಯಿಂದ ತಂದು ಜರಡಿ ಹಿಡಿದಿದ್ದ ಕೆಮ್ಮಣ್ಣು ಅದೇ ಬೆಳಕಿನಲ್ಲಿ ಕೆಂಡದಂತೆ ಬೆಳಗಿತು. ಕಬ್ಬಿಣದ ಆಕ್ಸೈಡಿನಿಂದ ಬರುವ ಈ ಕೆಂಪು ನಮ್ಮ ನೆಲದ ಬಣ್ಣವೇ ಆಗಿದ್ದರೂ ಅಲ್ಲಿಯವರೆಗೆ ಅದನ್ನು ನಾನು ಗೋಡೆಯ ಕೆಳಪಟ್ಟಿಗಷ್ಟೇ ಇಟ್ಟಿದ್ದೆನೆಂಬ ಖೇದ ಈಗಲೂ ಇದೆ. ಆ ರಾತ್ರಿಯೇ ಕಂಬಗಳನ್ನೆಲ್ಲ ಕೆಮ್ಮಣ್ಣಿಗೆ ಬದಲಾಯಿಸಿದೆ.

ಎದುರಿನ ದೀಪಗಳು ಉಬ್ಬನ್ನು ಚಪ್ಪಟೆ ಮಾಡುತ್ತಿದ್ದವು. ಅವುಗಳ ಬೆಳಕನ್ನು ತಗ್ಗಿಸಿ, ಪಕ್ಕದ ದೀಪಗಳನ್ನು ಕಂಬಕ್ಕೆ ಸವರಿಕೊಂಡು ಹೋಗುವಂತೆ ತಿರುಗಿಸಿದಾಗ ಒಂದು ಸೆಂಟಿಮೀಟರಿನ ಉಬ್ಬಿಗೂ ಗಟ್ಟಿಯಾದ ನೆರಳು ಬಿತ್ತು, ಹಿಂದಿನ ಸಾಲಿಗೂ ಬಳ್ಳಿ ಸ್ಪಷ್ಟವಾಯಿತು. ನಟರ ಮುಖದ ಬೆಳಕು ಕುಂದುತ್ತದೆಂಬ ಆಕ್ಷೇಪ ಬಂದಿತು, ಅದು ನ್ಯಾಯವಾದದ್ದೇ. ಸಹಜಾಭಿನಯಕ್ಕಾಗಿ ವಾದಿಸಿದ ನಟ ಬಳ್ಳಾರಿ ರಾಘವರ (1880–1946) ಊರಿನಲ್ಲಿ ಮುಖದ ಭಾವವನ್ನು ಕಂಬಕ್ಕೆ ಒತ್ತೆಯಿಡಲು ನನಗೂ ಮನಸ್ಸಿರಲಿಲ್ಲ. ನಟರು ಮಾತಾಡುವ ನಡುಭಾಗದಲ್ಲಿ ಎದುರು ಬೆಳಕನ್ನು ಉಳಿಸಿ, ಕಂಬಗಳನ್ನು ಎರಡೂ ಬದಿಗೆ ಸರಿಸಿದೆವು.

ಈಗ ಯಾವ ನಾಟಕಕ್ಕಾದರೂ ಮೊದಲು 1:25 ಅಳತೆಯಲ್ಲಿ, ಅಂದರೆ ಒಂದು ಮೀಟರಿಗೆ ನಾಲ್ಕು ಸೆಂಟಿಮೀಟರಿನಂತೆ, ಬಣ್ಣವಿಲ್ಲದ ಬಿಳಿ ರಟ್ಟಿನ ಮಾದರಿ ಕಟ್ಟಿ, ಕತ್ತಲ ಕೋಣೆಯಲ್ಲಿ ಪಕ್ಕದಿಂದ ಟಾರ್ಚ್ ಹಿಡಿದು ನೋಡುತ್ತೇನೆ. ಕುಂಚವನ್ನು ಆಮೇಲೆ ಕೈಗೆತ್ತಿಕೊಳ್ಳುತ್ತೇನೆ.