ನೆಟ್‌ವರ್ಕ್‌ನಿಂದ ಲಿನಕ್ಸ್ ಇನ್‌ಸ್ಟಾಲ್: ಅರ್ಧಕ್ಕೆ ನಿಂತರೆ ಎಲ್ಲಿ ನೋಡಬೇಕು?

ಮೂವತ್ತು ಸಿಸ್ಟಂ ಇರುವ ಕಾಲೇಜಿನ ಲ್ಯಾಬ್. ಎಲ್ಲದಕ್ಕೂ ಡೆಬಿಯನ್ ಎಂಬ ಲಿನಕ್ಸ್ ಹಾಕಬೇಕು. ಪೆನ್‌ಡ್ರೈವ್ ಹಿಡಿದು ಒಂದೊಂದರ ಮುಂದೆ ಕೂತರೆ ಎರಡು ದಿನ ಹೋಗುತ್ತದೆ. ಹದಿನೇಳನೇ ಸಿಸ್ಟಂಗೆ ಯಾವ ಪಾಸ್‌ವರ್ಡ್ ಕೊಟ್ಟೆ ಅನ್ನುವುದು ಸಂಜೆಗೆ ನೆನಪಿರುವುದಿಲ್ಲ. ಅದಕ್ಕೇ ನೆಟ್‌ವರ್ಕ್ ಇನ್‌ಸ್ಟಾಲ್. ಸರ್ವರ್ ಒಂದನ್ನು ಸಿದ್ಧ ಮಾಡಿಟ್ಟು, ಉಳಿದವನ್ನು ಆನ್ ಮಾಡಿ, ಟೀ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು.

ನಾನು ಮೊದಲ ಸಲ ಮಾಡಿದಾಗ ಟೀ ಕುಡಿದು ಬಂದೆ. ಮೂವತ್ತೂ ಸ್ಕ್ರೀನ್‌ಗಳು ಒಂದೇ ಪ್ರಶ್ನೆ ಕೇಳುತ್ತಾ ನಿಂತಿದ್ದವು: ಯಾವ ಭಾಷೆ ಬೇಕು? ಕಾರಣ ಒಂದೇ ಒಂದು ಪದ. ಅದರ ಕಥೆ ಮುಂದೆ ಬರುತ್ತದೆ.

ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ವಾ? ಕಾಂಕ್ರೀಟ್ ಬಾಣಲಿ ಕೈಯಿಂದ ಕೈಗೆ ದಾಟಿ ಮೇಲೆ ಹೋಗುತ್ತದೆ. ಮೇಲೆ ಕಾಂಕ್ರೀಟ್ ಬರುತ್ತಿಲ್ಲ ಅಂದರೆ ಮೇಲಿನವನನ್ನು ಬೈದು ಪ್ರಯೋಜನವಿಲ್ಲ. ಬಾಣಲಿ ಯಾರ ಕೈಯಲ್ಲಿ ನಿಂತಿದೆ ಅಂತ ನೋಡಬೇಕು. ನೆಟ್‌ವರ್ಕ್ ಇನ್‌ಸ್ಟಾಲ್ ಕೂಡ ಹೀಗೇ ಸಾಗುತ್ತದೆ. ಸಿಸ್ಟಂನ ನೆಟ್‌ವರ್ಕ್ ಕಾರ್ಡ್ ಮೊದಲು ಡಿಎಚ್‌ಸಿಪಿ ಸರ್ವರ್‌ನ ಹತ್ತಿರ ಐಪಿ ವಿಳಾಸ ಕೇಳುತ್ತದೆ. ಜೊತೆಗೆ ಬೂಟ್ ಫೈಲ್‌ನ ಹೆಸರೂ ಬರುತ್ತದೆ. ಆ ಫೈಲನ್ನು ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆ ವಿಧಾನದ ಮೂಲಕ ತರಿಸಿಕೊಳ್ಳುತ್ತದೆ. ಆ ಫೈಲ್ ಲಿನಕ್ಸ್‌ನ ತಿರುಳಾದ ಕರ್ನಲ್ ಮತ್ತು ಶುರುವಿಗೆ ಬೇಕಾದ ಫೈಲ್‌ಗಳ ಗಂಟಾದ ಇನಿಟ್‌ಆರ್‌ಡಿ ತರುತ್ತದೆ. ಆಮೇಲೆ ಇನ್‌ಸ್ಟಾಲರ್ ಎದ್ದು, ಇನ್ನೊಮ್ಮೆ ಐಪಿ ಕೇಳಿ, ಉತ್ತರಗಳ ಫೈಲ್ ಆದ ಪ್ರಿಸೀಡ್ ತಂದು ಓದುತ್ತದೆ. ಕೊನೆಗೆ ಮಿರರ್‌ನಿಂದ, ಅಂದರೆ ಡೆಬಿಯನ್‌ನ ಪ್ರತಿ ಇಟ್ಟಿರುವ ಸರ್ವರ್‌ನಿಂದ, ಪ್ಯಾಕೇಜ್‌ಗಳು ಬರುತ್ತವೆ. ಮೊದಲ ಅರ್ಧಕ್ಕೆ ಪಿಎಕ್ಸ್‌ಇ ಎಂದು ಹೆಸರು. ಇಂಟೆಲ್ ಕಂಪನಿ ಅದರ 2.1 ಆವೃತ್ತಿ ಹೊರತಂದದ್ದು 1999ರಲ್ಲಿ. ಟಿಎಫ್‌ಟಿಪಿ ಅದಕ್ಕಿಂತಲೂ ಹಳೆಯದು. ಹಳೇ ಕಾಲದ ಈ ಇಬ್ಬರ ಸ್ವಭಾವ ತಿಳಿದಿದ್ದರೆ ಅರ್ಧ ತಲೆನೋವು ಕಡಿಮೆ.

ಶುರು ಮಾಡುವ ಮೊದಲು

ಸಿಸ್ಟಂನ ಸ್ಕ್ರೀನ್ ದಿಟ್ಟಿಸಿ ಕೂರಬೇಡಿ. ಸರ್ವರ್‌ನಲ್ಲಿ ಎರಡು ಟರ್ಮಿನಲ್ ತೆರೆದಿಡಿ. ಒಂದರಲ್ಲಿ ಲಾಗ್ ಓಡುತ್ತಿರಲಿ, ಇನ್ನೊಂದರಲ್ಲಿ ನೆಟ್‌ವರ್ಕ್‌ನಲ್ಲಿ ಓಡಾಡುವುದನ್ನು ತೋರಿಸುವ ಟಿಸಿಪಿಡಂಪ್ ಹಾಕಿ 67, 68 ಮತ್ತು 69ನೇ ಪೋರ್ಟ್‌ಗಳನ್ನು ನೋಡುತ್ತಿರಿ. ಸಣ್ಣ ಲ್ಯಾಬ್‌ಗೆ ನಾನು ಬಳಸುವುದು ಡಿಎನ್‌ಎಸ್‌ಮಾಸ್ಕ್. ಡಿಎಚ್‌ಸಿಪಿ, ಟಿಎಫ್‌ಟಿಪಿ ಎರಡನ್ನೂ ಅದೊಂದೇ ನೋಡಿಕೊಳ್ಳುತ್ತದೆ. ಅದರ ಕಾನ್ಫಿಗ್ ಫೈಲ್‌ನಲ್ಲಿ ಲಾಗ್-ಡಿಎಚ್‌ಸಿಪಿ ಎಂಬ ಸಾಲು ಸೇರಿಸಿದರೆ ಯಾರು ಏನು ಕೇಳಿದರು, ಏನು ಕೊಟ್ಟೆವು ಎಲ್ಲ ಬರೆದಿಡುತ್ತದೆ. ಹಳೇ ಐಎಸ್‌ಸಿ ಡಿಎಚ್‌ಸಿಪಿ ಸರ್ವರ್ ಇನ್ನೂ ಓಡಿಸುತ್ತಿದ್ದರೆ ಬದಲಿಸುವುದು ಒಳ್ಳೆಯದು. 2022ರ ಕೊನೆಗೆ ಅದರ ನಿರ್ವಹಣೆಯನ್ನೇ ನಿಲ್ಲಿಸಿದ್ದಾರೆ.

ಇನ್ನೊಂದು ಮಾತು. ಮೂವತ್ತನ್ನೂ ಒಟ್ಟಿಗೆ ಆನ್ ಮಾಡುವ ಆಸೆ ಬೇಡ. ಒಂದು ಸಿಸ್ಟಂ ಪೂರ್ತಿ ಮುಗಿಯಲಿ.

ಐಪಿಯೇ ಬರುತ್ತಿಲ್ಲ

ಪಿಎಕ್ಸ್‌ಇ-ಇ61 ಅಂತ ಬಂದರೆ ಕೇಬಲ್ ನೋಡಿ, ಅಷ್ಟೇ. ಪಿಎಕ್ಸ್‌ಇ-ಇ51 ಅಂದರೆ ಡಿಎಚ್‌ಸಿಪಿಯಿಂದ ಉತ್ತರ ಬರಲಿಲ್ಲ ಎಂದರ್ಥ. ಹಳೇ ಬಯಾಸ್ ಬದಲು ಯುಇಎಫ್‌ಐ ಎಂಬ ಬೂಟ್ ಪ್ರೋಗ್ರಾಂ ಇರುವ ಹೊಸ ಸಿಸ್ಟಂಗಳಲ್ಲಿ ಇದೇ ತೊಂದರೆ ಪಿಎಕ್ಸ್‌ಇ-ಇ16 ಎಂದು ಕಾಣಿಸುತ್ತದೆ. ಈಗ ಸರ್ವರ್ ಲಾಗ್ ನೋಡಿ. ಸಿಸ್ಟಂ ಕೇಳಿದ್ದೇ ಅಲ್ಲಿ ಕಾಣದಿದ್ದರೆ ತೊಂದರೆ ಇರುವುದು ನಡುವಿನ ದಾರಿಯಲ್ಲಿ: ಕೇಬಲ್, ಸ್ವಿಚ್, ಇಲ್ಲವೇ ಬೇರೆ ವಿಲ್ಯಾನ್ (ಸ್ವಿಚ್ ಒಳಗೇ ಬೇರ್ಪಡಿಸಿದ ನೆಟ್‌ವರ್ಕ್). ಕೇಳಿದ್ದು ಬಂದಿದೆ, ಆದರೆ ಉತ್ತರ ಹೋಗಿಲ್ಲ ಅಂದರೆ ಸರ್ವರ್‌ನ ಫೈರ್‌ವಾಲ್ ನೋಡಿ. ಡಿಎನ್‌ಎಸ್‌ಮಾಸ್ಕ್ ಬೇರೆ ಯಾವುದೋ ನೆಟ್‌ವರ್ಕ್ ಕಾರ್ಡ್‌ಗೆ ಕಿವಿಗೊಟ್ಟು ಕೂತಿರಲೂಬಹುದು.

ಜಾಸ್ತಿ ಕಾಡುವುದು ಇನ್ನೊಂದು. ಉತ್ತರ ಹೋಗಿದೆ, ಆದರೆ ಸಿಸ್ಟಂ ಅದನ್ನು ಬಿಟ್ಟು ಬೇರೆ ಯಾರದೋ ಐಪಿ ಹಿಡಿದಿದೆ. ನೆಟ್‌ವರ್ಕ್‌ನಲ್ಲಿ ಇನ್ನೊಂದು ಡಿಎಚ್‌ಸಿಪಿ ಇದೆ ಅಂತಾಯಿತು. ಒಮ್ಮೆ ನನಗೆ ಇದು ಸಿಕ್ಕಿದ್ದು ಸ್ಟಾಫ್ ರೂಮಿನ ಮೇಜಿನ ಕೆಳಗೆ. ಯಾರೋ ಮನೆಯಿಂದ ತಂದ ವೈಫೈ ರೂಟರ್ ಚುಚ್ಚಿಟ್ಟಿದ್ದರು. ಇನ್ನೊಂದು ಡಿಎಚ್‌ಸಿಪಿ ಕಾಲೇಜಿನದೇ ಆಗಿದ್ದು, ತೆಗೆಯಲು ಆಗದಿದ್ದರೆ ಡಿಎನ್‌ಎಸ್‌ಮಾಸ್ಕನ್ನು ಪ್ರಾಕ್ಸಿ ರೀತಿಯಲ್ಲಿ ಓಡಿಸಿ. ಐಪಿ ಅವರೇ ಕೊಡಲಿ, ಬೂಟ್ ಫೈಲ್‌ನ ವಿವರ ಮಾತ್ರ ನಾವು ಕೊಡೋಣ.

ಎಲ್ಲ ಸರಿಯಿದ್ದೂ ಪ್ರತಿ ಸಲ ಇ51 ಬರುತ್ತಿದ್ದರೆ ಸ್ವಿಚ್ ಮೇಲೆ ಅನುಮಾನ ಪಡಿ. ದೊಡ್ಡ ಸ್ವಿಚ್‌ಗಳಲ್ಲಿ ಸಂದೇಶಗಳು ನೆಟ್‌ವರ್ಕ್‌ನಲ್ಲಿ ಸುತ್ತು ಹೊಡೆಯದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಇರುತ್ತದೆ. ಸಿಸ್ಟಂ ಆನ್ ಆದ ಮೇಲೆ ಸ್ವಿಚ್‌ನ ಆ ಪೋರ್ಟ್ 15 ಸೆಕೆಂಡ್ ಕಿವಿಗೊಟ್ಟು ಕೂರುತ್ತದೆ, ಇನ್ನೊಂದು 15 ಸೆಕೆಂಡ್ ಕಲಿಯುತ್ತದೆ, ಆಮೇಲಷ್ಟೇ ದಾರಿ ಬಿಡುತ್ತದೆ. ಅಷ್ಟರಲ್ಲಿ ಪಿಎಕ್ಸ್‌ಇ ಬೇಸತ್ತು ಕೈಬಿಟ್ಟಿರುತ್ತದೆ. ಪರೀಕ್ಷೆ ಸುಲಭ. ಅಂಗಡಿಯಲ್ಲಿ ಸಿಗುವ ಐದು ಪೋರ್ಟಿನ ಸಾದಾ ಸ್ವಿಚ್ ಒಂದನ್ನು ನಡುವೆ ಹಾಕಿ. ದೊಡ್ಡ ಸ್ವಿಚ್‌ನ ಪೋರ್ಟ್ ಆಗ ಸದಾ ಎಚ್ಚರವಾಗಿರುತ್ತದೆ. ಈಗ ಬೂಟ್ ಆಯಿತು ಅಂದರೆ ಕಳ್ಳ ಸಿಕ್ಕಿದ. ಲ್ಯಾಬಿನ ಪೋರ್ಟ್‌ಗಳಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿ ಅಂತ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಹೇಳಿ.

ಐಪಿ ಬಂತು, ಫೈಲ್ ಬರಲಿಲ್ಲ

ಪಿಎಕ್ಸ್‌ಇ-ಇ53 ಅಂದರೆ ಫೈಲ್‌ನ ಹೆಸರು ಸಿಕ್ಕಿಲ್ಲ. ಡಿಎಚ್‌ಸಿಪಿಯ 66 ಮತ್ತು 67ನೇ ಆಪ್ಷನ್‌ಗಳು ಸರ್ವರ್ ಯಾವುದು, ಫೈಲ್ ಯಾವುದು ಎಂದು ಹೇಳುತ್ತವೆ. ಅವನ್ನು ನೋಡಿ. ಪಿಎಕ್ಸ್‌ಇ-ಟಿ01 ಬಂದರೆ ಹೆಸರು ಸಿಕ್ಕಿದೆ, ಆದರೆ ಆ ಜಾಗದಲ್ಲಿ ಫೈಲ್ ಇಲ್ಲ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಒಮ್ಮೆ ನೋಡಿಕೊಳ್ಳಿ. ಪಿಎಕ್ಸ್‌ಇ-ಇ32 ಸಾಮಾನ್ಯವಾಗಿ ಫೈರ್‌ವಾಲ್‌ನ ಕೆಲಸ. ಇಲ್ಲೊಂದು ಮೋಸ ಇದೆ. ಟಿಎಫ್‌ಟಿಪಿ ಸರ್ವರ್ ಕಿವಿಗೊಟ್ಟಿರುವುದು 69ನೇ ಪೋರ್ಟ್‌ನಲ್ಲಿ, ಆದರೆ ಉತ್ತರ ಕೊಡುವಾಗ ಬೇರೆ ಯಾವುದೋ ಪೋರ್ಟ್ ಹಿಡಿಯುತ್ತದೆ. 69 ಒಂದನ್ನೇ ತೆರೆದರೆ ಸಾಲದೇ ಇರಬಹುದು. ಬೇರೆ ಲಿನಕ್ಸ್ ಸಿಸ್ಟಂನಿಂದ ಟಿಎಫ್‌ಟಿಪಿ ಕ್ಲೈಂಟ್ ಬಳಸಿ ಅದೇ ಫೈಲ್ ಎಳೆದು ನೋಡಿ. ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಹಳತು ಹೊಸತು ಬೆರೆತ ಲ್ಯಾಬ್‌ಗಳಲ್ಲಿ ನಿಜವಾದ ಕಾಟ ಬಯಾಸ್ ಮತ್ತು ಯುಇಎಫ್‌ಐ ನಡುವಿನದು. ಬಯಾಸ್‌ಗೆ ಪಿಎಕ್ಸ್‌ಇಲಿನಕ್ಸ್ ಫೈಲ್ ಬೇಕು. ಯುಇಎಫ್‌ಐಗೆ ಅದು ಆಗದು, ಗ್ರಬ್‌ನ ಇಎಫ್‌ಐ ಫೈಲ್ ಬೇಕು. ಎಲ್ಲರಿಗೂ ಪಿಎಕ್ಸ್‌ಇಲಿನಕ್ಸ್ ಒಂದನ್ನೇ ಕೊಟ್ಟರೆ ಹಳೇ ಸಿಸ್ಟಂಗಳು ಚೆನ್ನಾಗಿ ಬೂಟ್ ಆಗುತ್ತವೆ. ಹೊಸವು ಫೈಲ್ ತರಿಸಿಕೊಂಡು, ಒಂದು ಕ್ಷಣ ಸುಮ್ನೆ ನಿಂತು, ಮತ್ತೆ ಬೂಟ್ ಮೆನುಗೆ ವಾಪಸ್. ತಪ್ಪು ಏನೆಂದು ಹೇಳುವುದೂ ಇಲ್ಲ. ಸಿಸ್ಟಂ ಕೇಳುವಾಗಲೇ 93ನೇ ಆಪ್ಷನ್‌ನಲ್ಲಿ ತಾನು ಯಾರು ಅಂತ ಹೇಳಿರುತ್ತದೆ. 0 ಅಂದರೆ ಬಯಾಸ್, 7 ಅಂದರೆ 64 ಬಿಟ್ ಯುಇಎಫ್‌ಐ. ಕೆಲವು 9 ಅಂತಲೂ ಕಳಿಸುತ್ತವೆ. ಆ ಸಂಖ್ಯೆ ನೋಡಿ ಬೇರೆ ಬೇರೆ ಫೈಲ್ ಕೊಡುವಂತೆ ಡಿಎನ್‌ಎಸ್‌ಮಾಸ್ಕ್‌ಗೆ ಹೇಳಬಹುದು. ಸಹಿ ಇಲ್ಲದ ಬೂಟ್ ಫೈಲ್ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇರುವ ಶಿಮ್ ಫೈಲನ್ನೇ ಮೊದಲು ಕೊಡಬೇಕು. ಅದು ಸಹಿ ಇರುವ ಗ್ರಬ್ ಕರೆಯುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡುವುದು ಸುಲಭದ ದಾರಿ, ನಿಜ. ಮೂವತ್ತು ಸಿಸ್ಟಂನ ಸೆಟಪ್ ಪುಟಕ್ಕೆ ಹೋಗುವ ತಾಳ್ಮೆ ಇದ್ದರೆ ಮಾಡಿ.

ಫೈಲ್ ಬರುತ್ತಿದೆ, ಆದರೆ ಬಸವನ ಹುಳುವಿನ ಹಾಗೆ. ಇದಕ್ಕೆ ಕಾರಣ ಟಿಎಫ್‌ಟಿಪಿಯ ಹಳೇ ಚಾಳಿ. ಅದು ಮೂಲತಃ ಒಂದು ಸಲಕ್ಕೆ 512 ಬೈಟ್ ಮಾತ್ರ ಕಳಿಸುತ್ತದೆ. ತಲುಪಿತು ಅಂತ ಉತ್ತರ ಬರುವವರೆಗೆ ಮುಂದಿನ ತುಂಡು ಕಳಿಸುವುದಿಲ್ಲ. ತುಂಡುಗಳಿಗೆ ಕೊಡುವ ಸಂಖ್ಯೆ 65,535ಕ್ಕೆ ಮುಗಿಯುತ್ತದೆ. ಗುಣಿಸಿ ನೋಡಿ, ಹತ್ತಿರ ಹತ್ತಿರ 32 ಎಂಬಿ. ಹಳೇ ಟಿಎಫ್‌ಟಿಪಿ ಸರ್ವರ್‌ಗಳು ದೊಡ್ಡ ಇನಿಟ್‌ಆರ್‌ಡಿ ಕಳಿಸುವಾಗ ಸರಿಯಾಗಿ ಅಲ್ಲೇ ಕುಸಿಯುವುದು ಇದಕ್ಕೇ. ಚಿಕ್ಕ ಬೂಟ್ ಫೈಲ್ ಮಾತ್ರ ಟಿಎಫ್‌ಟಿಪಿಯಿಂದ ಬರಲಿ. ಕರ್ನಲ್, ಇನಿಟ್‌ಆರ್‌ಡಿ ಎರಡನ್ನೂ ಎಚ್‌ಟಿಟಿಪಿ ಮೂಲಕ ತರಿಸಿ. ಗ್ರಬ್‌ಗೂ, ಪಿಎಕ್ಸ್‌ಇಯ ಸುಧಾರಿತ ರೂಪವಾದ ಐಪಿಎಕ್ಸ್‌ಇಗೂ ಇದು ಬರುತ್ತದೆ.

ಇನ್‌ಸ್ಟಾಲರ್ ಎದ್ದಿತು, ನೆಟ್‌ವರ್ಕ್ ಕಾಣೆ

ಈಗಷ್ಟೇ ನೆಟ್‌ವರ್ಕ್‌ನಿಂದಲೇ ಬೂಟ್ ಆದ ಸಿಸ್ಟಂ, ನೆಟ್‌ವರ್ಕ್ ಕಾರ್ಡ್ ಸಿಗುತ್ತಿಲ್ಲ ಅನ್ನುತ್ತದೆ! ನಗು ಬರುತ್ತದೆ, ಆದರೆ ತಪ್ಪೇನಿಲ್ಲ. ಮೊದಲು ಕೆಲಸ ಮಾಡಿದ್ದು ಕಾರ್ಡ್‌ನ ಸ್ವಂತ ಪ್ರೋಗ್ರಾಂ. ಈಗ ಲಿನಕ್ಸ್‌ನ ಡ್ರೈವರ್ ಬೇಕು, ಕೆಲವು ಕಾರ್ಡ್‌ಗಳಿಗೆ ಅವುಗಳ ಒಳಗೆ ಓಡುವ ಫರ್ಮ್‌ವೇರ್ ಕೂಡ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲ್ ಡಿಸ್ಕ್ ಒಳಗೇ ಫರ್ಮ್‌ವೇರ್ ಇರುತ್ತದೆ. ಆದರೆ ನೆಟ್‌ಬೂಟ್‌ನ ಇನಿಟ್‌ಆರ್‌ಡಿಯಲ್ಲಿ ಇರುವುದಿಲ್ಲ. ಡೆಬಿಯನ್‌ನವರೇ ಕೊಡುವ ಫರ್ಮ್‌ವೇರ್ ಸಿಪಿಐಒ ಫೈಲನ್ನು ನಾವೇ ಅದರ ಬಾಲಕ್ಕೆ ಅಂಟಿಸಬೇಕು. ಕ್ಯಾಟ್ ಆದೇಶ ಸಾಕು.

ಕರ್ನಲ್ ಮಾಡ್ಯೂಲ್‌ಗಳು ಸಿಗಲಿಲ್ಲ ಅಂತ ಬಂದರೆ ಅದು ಬೇರೆ. ನೀವು ಆರು ತಿಂಗಳ ಹಿಂದೆ ಇಳಿಸಿಟ್ಟ ನೆಟ್‌ಬೂಟ್ ಫೈಲ್‌ಗಳು ಹಳೇ ಕರ್ನಲ್‌ನವು. ಅಷ್ಟರಲ್ಲಿ ಮಿರರ್‌ನಲ್ಲಿ ಹೊಸ ಕರ್ನಲ್ ಬಂದಿದೆ. ಹೋದ ಸೆಮಿಸ್ಟರ್‌ನಲ್ಲಿ ಓಡಿತ್ತಲ್ಲ ಅಂತ ತಲೆ ಕೆರೆದುಕೊಳ್ಳಬೇಡಿ. ಕರ್ನಲ್, ಇನಿಟ್‌ಆರ್‌ಡಿ ಎರಡನ್ನೂ ಹೊಸದಾಗಿ ಇಳಿಸಿ.

ಪ್ರಶ್ನೆ ಕೇಳುತ್ತಾ ನಿಂತಿದೆ

ಈಗ ನನ್ನ ಮೂವತ್ತು ಸ್ಕ್ರೀನ್‌ಗಳ ಕಥೆ. ಪ್ರಿಸೀಡ್ ಫೈಲ್ ನೆಟ್‌ವರ್ಕ್‌ನಲ್ಲಿದೆ. ಆದರೆ ಭಾಷೆ, ಕೀಬೋರ್ಡ್ ಪ್ರಶ್ನೆಗಳು ನೆಟ್‌ವರ್ಕ್ ಏಳುವ ಮೊದಲೇ ಬರುತ್ತವೆ. ಉತ್ತರ ಇರುವ ಫೈಲ್ ಕೈಗೆ ಬರುವ ಮೊದಲೇ ಪ್ರಶ್ನೆಪತ್ರಿಕೆ ಬಂದ ಹಾಗೆ. ಬೂಟ್ ಮೆನುವಿನ ಕರ್ನಲ್ ಸಾಲಿನಲ್ಲಿ ನಾನು ಪ್ರಿಸೀಡ್‌ನ ಯುಆರ್‌ಎಲ್ ಮಾತ್ರ ಕೊಟ್ಟಿದ್ದೆ. ಆಟೋ ಈಕ್ವಲ್ಸ್ ಟ್ರೂ (auto=true) ಹಾಕುವುದನ್ನು ಮರೆತಿದ್ದೆ. ಅದನ್ನು ಹಾಕಿದರೆ ಆ ಪ್ರಶ್ನೆಗಳು ಪ್ರಿಸೀಡ್ ಬರುವವರೆಗೆ ಕಾಯುತ್ತವೆ. ಜೊತೆಗೆ ಪ್ರಯಾರಿಟಿಯನ್ನು ಕ್ರಿಟಿಕಲ್‌ಗೆ, ಇಂಟರ್‌ಫೇಸನ್ನು ಆಟೋಗೆ ಇಡಿ.

ಆದರೂ ನಿಂತರೆ ಕಂಟ್ರೋಲ್, ಆಲ್ಟ್, ಎಫ್‌4 ಒತ್ತಿ. ಇನ್‌ಸ್ಟಾಲರ್‌ನ ಲಾಗ್ ಕಾಣುತ್ತದೆ. ಎಫ್‌2ರಲ್ಲಿ ಶೆಲ್ ಸಿಗುತ್ತದೆ. ಅಲ್ಲಿಂದ ಡಬ್ಲ್ಯುಗೆಟ್ ಹಾಕಿ ಪ್ರಿಸೀಡ್ ಫೈಲ್ ಎಳೆದು ನೋಡಿ. ವೆಬ್ ಸರ್ವರ್‌ನ ಲಾಗ್‌ನಲ್ಲಿ 404 ಇದ್ದರೆ ವಿಳಾಸ ತಪ್ಪು, 403 ಇದ್ದರೆ ಫೈಲ್ ಓದಲು ಅನುಮತಿ ಇಲ್ಲ.

ಫೈಲ್ ಬಂದಿದೆ, ಒಳಗಿನ ಸಾಲು ಮಾತ್ರ ಲೆಕ್ಕಕ್ಕೆ ಬರುತ್ತಿಲ್ಲ ಅಂದರೆ ಖಾಲಿ ಜಾಗ ನೋಡಿ. ಪ್ರಿಸೀಡ್‌ನಲ್ಲಿ ಪ್ರಶ್ನೆಯ ಬಗೆ ಮತ್ತು ಉತ್ತರದ ನಡುವೆ ಒಂದೇ ಸ್ಪೇಸ್ ಇರಬೇಕು. ಅಂದವಾಗಿ ಕಾಣಲಿ ಅಂತ ನಾಲ್ಕು ಸ್ಪೇಸ್ ಬಿಟ್ಟರೆ ಮಿಕ್ಕ ಮೂರು ಉತ್ತರದ ಭಾಗವೇ ಆಗಿಬಿಡುತ್ತವೆ. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ತಿದ್ದಿದ ಫೈಲ್‌ನಲ್ಲಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಅಕ್ಷರ ಉಳಿದಿರಬಹುದು. ಡೆಬ್‌ಕಾನ್ಫ್-ಸೆಟ್-ಸೆಲೆಕ್ಷನ್ಸ್ ಆದೇಶಕ್ಕೆ ಸಿ ಆಪ್ಷನ್ ಕೊಟ್ಟರೆ ಫೈಲ್‌ನ ರಚನೆ ಸರಿಯಿದೆಯೇ ಅಂತ ಮೊದಲೇ ಪರೀಕ್ಷಿಸುತ್ತದೆ.

ಡಿಸ್ಕ್ ವಿಷಯದಲ್ಲಿ ಎರಡು ಗುಂಡಿಗಳಿವೆ. ಸಾಟಾ ಡಿಸ್ಕ್‌ನ ಹೆಸರು ಎಸ್‌ಡಿಎ, ಹೊಸ ಎನ್‌ವಿಎಂಇ ಡಿಸ್ಕ್‌ನ ಹೆಸರೇ ಬೇರೆ. ಎಸ್‌ಡಿಎ ಅಂತ ಬರೆದುಬಿಟ್ಟರೆ ಹೊಸ ಸಿಸ್ಟಂಗಳು ನಿಲ್ಲುತ್ತವೆ. ಯಾರೋ ಮರೆತ ಪೆನ್‌ಡ್ರೈವ್ ಚುಚ್ಚಿದ್ದರೆ ಎಸ್‌ಡಿಎ ಅನ್ನಿಸಿಕೊಳ್ಳುವುದು ಅದೇ ಆಗಿರಲೂಬಹುದು! ಎರಡನೆಯದು, ಮೊದಲೇ ಎಲ್‌ವಿಎಂ ಎಂಬ ಡಿಸ್ಕ್ ವಿಭಜನೆ ವ್ಯವಸ್ಥೆ ಇದ್ದ ಡಿಸ್ಕ್. ಅಳಿಸಲೇ ಅಂತ ಅದು ಬೇರೆಯೇ ಒಂದು ಪ್ರಶ್ನೆ ಕೇಳುತ್ತದೆ. ಅದಕ್ಕೂ ಪ್ರಿಸೀಡ್‌ನಲ್ಲಿ ಉತ್ತರ ಬೇಕು. ಮೂವತ್ತರಲ್ಲಿ ನಾಲ್ಕೇ ನಿಂತಿವೆ, ಉಳಿದವು ಮುಗಿದಿವೆ ಅಂದರೆ ಮೊದಲು ಇದನ್ನೇ ನೋಡಿ.

ಪ್ಯಾಕೇಜ್ ಹಂತ

ಎಲ್ಲ ಸಿಸ್ಟಂಗಳೂ ಒಂದೇ ಪ್ಯಾಕೇಜನ್ನು ಮೂವತ್ತು ಸಲ ಇಂಟರ್‌ನೆಟ್‌ನಿಂದ ಇಳಿಸುವುದು ದಂಡ. ಒಮ್ಮೆ ಇಳಿಸಿದ್ದನ್ನು ಇಟ್ಟುಕೊಂಡು ಎಲ್ಲರಿಗೂ ಹಂಚುವ ಆಪ್ಟ್-ಕ್ಯಾಷರ್-ಎನ್‌ಜಿಯನ್ನು ಸರ್ವರ್‌ನಲ್ಲಿ ಹಾಕಿ, ಪ್ರಿಸೀಡ್‌ನ ಪ್ರಾಕ್ಸಿ ಸಾಲಿನಲ್ಲಿ ಅದರ 3142ನೇ ಪೋರ್ಟ್ ಕೊಡಿ. ಪ್ಯಾಕೇಜ್ ಪಟ್ಟಿಗೆ ಗುಬ್ಬಿ, ನವಿಲು ಫಾಂಟ್‌ಗಳನ್ನೂ ಸೇರಿಸಿಬಿಡಿ. ಆಮೇಲೆ ಕನ್ನಡ ಬರುತ್ತಿಲ್ಲ ಸರ್ ಅಂತ ಯಾರೂ ಬರುವುದಿಲ್ಲ.

ಬೇಸಿಗೆ ರಜೆ ಮುಗಿದ ಮೇಲಿನ ಇನ್‌ಸ್ಟಾಲ್‌ನಲ್ಲಿ ಒಂದು ವಿಚಿತ್ರ ಕಾಣುತ್ತದೆ. ಒಂದೆರಡು ಸಿಸ್ಟಂ ಮಾತ್ರ ಮಿರರ್‌ನ ರಿಲೀಸ್ ಫೈಲ್ ಇನ್ನೂ ಜಾರಿಗೆ ಬಂದಿಲ್ಲ ಅಂತ ಜಗಳ ತೆಗೆಯುತ್ತವೆ. ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಸತ್ತಿದೆ, ಗಡಿಯಾರ ಎಷ್ಟೋ ವರ್ಷ ಹಿಂದೆ ಹೋಗಿ ನಿಂತಿದೆ. ಇಂದಿನ ಮಿರರ್ ಅದರ ಪಾಲಿಗೆ ಭವಿಷ್ಯದ್ದು. ಸೆಲ್ ಬದಲಿಸಿ, ತಾರೀಖು ಸರಿಮಾಡಿ.

ಉಬುಂಟು ಸರ್ವರ್ ಹಾಕುವವರಿಗೆ ಕೊನೆಯ ಹಂತಗಳು ಬೇರೆ. ಅಲ್ಲಿ 20.04ರಿಂದ ಪ್ರಿಸೀಡ್ ಬದಲು ಆಟೋಇನ್‌ಸ್ಟಾಲ್ ಬಂದಿದೆ. ಯುಆರ್‌ಎಲ್ ಇರುವ ಕರ್ನಲ್ ಸಾಲಿನಲ್ಲಿ ಸೆಮಿಕೋಲನ್ ಬರುತ್ತದೆ. ಗ್ರಬ್‌ನಲ್ಲಿ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಮುಂದಿನದ್ದೆಲ್ಲ ಕತ್ತರಿಸಿ ಹೋಗುತ್ತದೆ. ಫೆಡೋರಾ ಕುಟುಂಬದವರದು ಕಿಕ್‌ಸ್ಟಾರ್ಟ್. ಅವರ ಲಾಗ್ ಟೆಂಪ್ ಫೋಲ್ಡರ್‌ನ ಅನಕೊಂಡ ಫೈಲ್‌ನಲ್ಲಿರುತ್ತದೆ.

ಮುಗಿದ ಮೇಲೆ ಮತ್ತೆ ಶುರು

ಇನ್‌ಸ್ಟಾಲ್ ಮುಗಿಯಿತು, ಸಿಸ್ಟಂ ರೀಸ್ಟಾರ್ಟ್ ಆಯಿತು, ಮತ್ತೆ ನೆಟ್‌ವರ್ಕ್‌ನಿಂದ ಬೂಟ್ ಆಗಿ ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಶುರು! ಬೂಟ್ ಕ್ರಮದಲ್ಲಿ ನೆಟ್‌ವರ್ಕ್ ಮೊದಲಿದ್ದರೆ ಹೀಗೇ ಸುತ್ತುತ್ತದೆ. ಬೂಟ್ ಮೆನುವಿನಲ್ಲಿ ಮೊದಲ ಆಯ್ಕೆ ಯಾವಾಗಲೂ ಡಿಸ್ಕ್‌ನಿಂದ ಬೂಟ್ ಆಗುವುದೇ ಇರಲಿ. ಇನ್‌ಸ್ಟಾಲ್ ಬೇಕಾದವರು ಕೀ ಒತ್ತಿ ಆರಿಸಲಿ, ಅದಕ್ಕೊಂದು ಪಾಸ್‌ವರ್ಡೂ ಇರಲಿ. ಕೆಲಸ ಮುಗಿದ ಸಂಜೆಯೇ ಡಿಎನ್‌ಎಸ್‌ಮಾಸ್ಕ್ ನಿಲ್ಲಿಸಿ. ಕರೆಂಟ್ ಹೋಗಿ ಬಂದು ಸರ್ವರ್ ಮತ್ತೆ ಎದ್ದಾಗ ತಾನಾಗಿ ಶುರುವಾಗದಂತೆ ಡಿಸೇಬಲ್ ಕೂಡ ಮಾಡಿ. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಯಾವುದೋ ಹುಡುಗನ ಪ್ರಾಜೆಕ್ಟ್ ಫೈಲ್ ಎಲ್ಲಿ ಹೋಯಿತು ಅಂತ ನೀವೇ ಉತ್ತರ ಹೇಳಬೇಕಾಗುತ್ತದೆ.