ಕೋಳಿಯ ಮೇವಿನ ಚೀಲ ಗಟ್ಟಿಯಾದರೆ

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಕೂಡಲೇ ಕಾಳು ಚೆಲ್ಲಬೇಡಿ. ಮಂಕಾಗಿ ನಿಂತ ಕೋಳಿಯನ್ನು ಹಿಡಿದು ಎದೆಯ ಮೇಲ್ಭಾಗ, ಅದರ ಬಲಬದಿ ಮುಟ್ಟಿ. ನುಂಗಿದ ಕಾಳು ಮೊದಲು ಸೇರುವ ಮೇವಿನ ಚೀಲ ಇರುವುದು ಅಲ್ಲೇ. ರಾತ್ರಿ ತುಂಬಿದ್ದ ಚೀಲ ಬೆಳಿಗ್ಗೆ ಖಾಲಿಯಾಗಿರಬೇಕು. ಸಂಜೆ ಮುಟ್ಟಿ ನೋಡಿದರೆ ಏನೂ ತಿಳಿಯದು, ಆಗ ಎಲ್ಲ ಕೋಳಿಗಳದ್ದೂ ತುಂಬಿರುತ್ತದೆ.

ಮುದ್ದೆಯಂತೆ ಗಟ್ಟಿಯಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ನಮ್ಮ ಹಿತ್ತಿಲಲ್ಲಿ ಉದ್ದ ಹುಲ್ಲು, ಗೊಬ್ಬರದ ಚೀಲದ ಪ್ಲಾಸ್ಟಿಕ್ ಎಳೆ ಇವೇ ಕಾರಣ. ಕೋಳಿಯನ್ನು ಬೇರೆ ಬುಟ್ಟಿಯಲ್ಲಿಟ್ಟು ಕಾಳು ನಿಲ್ಲಿಸಿ, ನೀರು ಮಾತ್ರ ಇಡಿ. ಕೊಬ್ಬರಿ ಎಣ್ಣೆಯನ್ನು ಕೊಕ್ಕಿನ ಅಂಚಿಗೆ ಹನಿಹನಿಯಾಗಿ ಬಿಟ್ಟು, ಅದು ತಾನಾಗಿ ನುಂಗಲಿ. ಆಮೇಲೆ ಚೀಲವನ್ನು ಬೆರಳಲ್ಲಿ ಮೆಲ್ಲಗೆ ನಾದಿ. ದಿನದೊಳಗೆ ಕರಗದಿದ್ದರೆ ಪಶುವೈದ್ಯರ ಹತ್ತಿರ ಒಯ್ಯಿರಿ. ಅವರು ಕೊಯ್ದು ತೆಗೆಯಬೇಕಾಗಬಹುದು. ಬ್ಲೇಡು ಹಿಡಿದು ಮನೆಯಲ್ಲೇ ಸಾಹಸ ಬೇಡ.

ನೀರು ತುಂಬಿದ ಬಲೂನಿನ ಹಾಗೆ ಮೆತ್ತಗಿದ್ದು ಬಾಯಿ ಹುಳಿ ನಾರಿದರೆ ಅದು ಬೂಷ್ಟಿನ ಸೋಂಕು. ಬೆಲ್ಲದ ನೀರು ಕೊಡಬೇಡಿ, ಸಿಹಿ ಅದನ್ನು ಹೆಚ್ಚಿಸುತ್ತದೆ. ತಲೆಕೆಳಗು ಹಿಡಿದು ಕಕ್ಕಿಸುವವರಿದ್ದಾರೆ. ನನಗದು ಸರಿ ಕಾಣದು, ನೀರು ಶ್ವಾಸನಾಳಕ್ಕೆ ಹೋದರೆ ಕೋಳಿ ಅಲ್ಲೇ ಸಾಯಬಹುದು. ಇದಕ್ಕೆ ಬೂಷ್ಟು, ಅಂದರೆ ಶಿಲೀಂಧ್ರವನ್ನು ಕೊಲ್ಲುವ ಔಷಧಿ ಬೇಕು, ವೈದ್ಯರನ್ನೇ ಕೇಳಿ.

ಕಟ್ಟಿಹಾಕಿ ಸಾಕುವವರು ಒಂದು ತಟ್ಟೆ ದಪ್ಪ ಮರಳು ಇಡಿ, ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯಲು ಅದು ಬೇಕು. ಮೊಟ್ಟೆಸಿಪ್ಪೆ ಆ ಕೆಲಸಕ್ಕೆ ಬಾರದು.

ಚೀಲ ಸರಿಯಿದ್ದೂ ಮಂಕಾಗಿದ್ದರೆ ಹಿಕ್ಕೆ ನೋಡಿ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ, ಅದಕ್ಕೆ ಕೊಡುವ ಆಂಪ್ರೋಲಿಯಂ ಔಷಧಿ ಕೇಳಿ ತನ್ನಿ. ಹಸಿರು ಹಿಕ್ಕೆಯ ಜತೆ ಕತ್ತು ತಿರುಚಿದರೆ ಕೊಕ್ಕರೆ ರೋಗದ (ರಾಣಿಖೇತ್) ಗುಮಾನಿ. ಅದಕ್ಕೆ ಮದ್ದಿಲ್ಲ, ಉಳಿದವನ್ನು ಕೂಡಲೇ ದೂರ ಮಾಡಿ.