ಸೊಟ್ಟಗಾದರೂ ನಡೆಯುವ ಮಡಿಕೆಗಳು: ಪುಣೆಯ ಚಳಿಗಾಲದಲ್ಲಿ ಮಕ್ಕಳೊಂದಿಗೆ ಓರಿಗಾಮಿ

ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಓರಿಗಾಮಿ (ಕಾಗದ ಮಡಿಸಿ ಆಕಾರ ಮೂಡಿಸುವ ಕಲೆ) ಕಲಿಸುವಾಗ ಒಂದು ಮಾದರಿಯಲ್ಲಿ ಎಷ್ಟು ಮಡಿಕೆಗಳಿವೆ ಎಂದು ನಾನು ಮೊದಲು ಎಣಿಸುವುದಿಲ್ಲ. ಮಡಿಕೆ ಅರ್ಧ ಸೆಂಟಿಮೀಟರಿನಷ್ಟು ಆಚೀಚೆ ಸರಿದರೂ ಆ ವಸ್ತು ಗುರುತು ಸಿಗುವಂತೆ ಉಳಿಯುತ್ತದೆಯೇ ಎಂಬುದನ್ನಷ್ಟೇ ನೋಡುತ್ತೇನೆ. ಪುಣೆಯ ಕೋಥ್ರೂಡಿನಲ್ಲಿ ನಾವಿರುವ ಸೊಸೈಟಿಯ ಕನ್ನಡ ಮನೆಗಳ ಮಕ್ಕಳನ್ನು ಡಿಸೆಂಬರ್ ಮತ್ತು ಜನವರಿಯ ಭಾನುವಾರಗಳಂದು ಕೂಡಿಸಿಕೊಂಡು ಕಾಗದ ಮಡಿಸುವುದು ನನಗೆ ರೂಢಿಯಾಗಿದೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳೇ ಇಲ್ಲಿ ಹೆಚ್ಚಾಗಿರುವುದರಿಂದ ಮಕ್ಕಳೆಲ್ಲರಿಗೂ ನಾನು ಕಾಕು, ಅಂದರೆ ಚಿಕ್ಕಮ್ಮ. ಮಡಿಕೆಯ ಸಂಖ್ಯೆಯನ್ನು ನೋಡಿ ಆರಿಸಿದ ಮಾದರಿಗಳಲ್ಲಿ ಅರ್ಧದಷ್ಟು ಮಕ್ಕಳು ನಡುವೆಯೇ ಕಾಗದವನ್ನು ನನ್ನ ಕೈಗಿಟ್ಟು 'ಕಾಕು, ನೀವೇ ಮಾಡಿಕೊಡ್ರಿ' ಎನ್ನುತ್ತಾರೆ. ಸೊಟ್ಟ ಮಡಿಕೆಯನ್ನು ತಾಳಿಕೊಳ್ಳುವ ಮಾದರಿಗಳಲ್ಲಿ ಹಾಗಾಗುವುದು ಅಪರೂಪ. ಈ ಲೆಕ್ಕದಲ್ಲಿ ಎಲ್ಲರಿಗೂ ಪ್ರಿಯವಾದ ಕೊಕ್ಕರೆ ಸಣ್ಣವರ ಪಟ್ಟಿಯಿಂದ ಹೊರಗೇ ಉಳಿಯುತ್ತದೆ, ಏಕೆಂದರೆ ಅದರ ಮೊದಲ ಮಡಿಕೆಯ ದೋಷ ಕೊನೆಯ ರೆಕ್ಕೆಯವರೆಗೂ ಬೆಳೆಯುತ್ತಾ ಹೋಗುತ್ತದೆ.

ಕಾಗದದ ವಿಷಯ. ಅಪ್ಪಾ ಬಳವಂತ ಚೌಕದ ಸ್ಟೇಷನರಿ ಅಂಗಡಿಗಳಲ್ಲಿ 'ಘೋಟೀವ್ ಕಾಗದ' ಎಂದು ಕೇಳಿದರೆ ಒಂದು ಮೈ ಬಣ್ಣ, ಇನ್ನೊಂದು ಮೈ ಬಿಳಿ ಇರುವ ಗ್ಲೇಜ್ ಪೇಪರ್ ಕೊಡುತ್ತಾರೆ. ಅದನ್ನು ಓರಿಗಾಮಿಯ ರೂಢಿಯ ಅಳತೆಯಾದ 15 ಸೆಂಟಿಮೀಟರ್ ಚೌಕಗಳಾಗಿ ನಾನೇ ಕತ್ತರಿಸಿಡುತ್ತೇನೆ. ಇದು ಹಗುರವಾಗಿ ಮಡಿಯುತ್ತದೆ, ಆದರೆ ಮಡಿಕೆಯ ಗೆರೆಯಲ್ಲಿ ಬಣ್ಣ ಬಿರಿಯುತ್ತದೆ. ಜೊತೆಗೆ ಚಳಿಗಾಲದಲ್ಲಿ ಮಕ್ಕಳ ಕೈಗೆ ಹಚ್ಚಿರುವ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ತಗುಲಿದರೆ ಜಾರುತ್ತದೆ, ಕಲೆಯೂ ಉಳಿಯುತ್ತದೆ. ಆದ್ದರಿಂದ ಕಾಗದ ಹಂಚುವ ಮೊದಲು ಕೈ ಒರೆಸಿಕೊಳ್ಳಲು ಒಂದು ಒಣ ಬಟ್ಟೆಯನ್ನು ಮಕ್ಕಳ ನಡುವೆ ಒಂದು ಸುತ್ತು ಕಳಿಸುತ್ತೇನೆ. ಡಬ್ಬಿಯಂತಹ ಗಟ್ಟಿ ಮಾದರಿಗೆ ಝೆರಾಕ್ಸ್ ಕಾಗದ ಒಳ್ಳೆಯದು. ಎ4 ಹಾಳೆಯ ಅಳತೆ 21 × 29.7 ಸೆಂಟಿಮೀಟರ್ ಆಗಿರುವುದರಿಂದ ಚೌಕವನ್ನು ಕತ್ತರಿಸಿದ ಮೇಲೆ 8.7 ಸೆಂಟಿಮೀಟರ್ ಅಗಲದ ಪಟ್ಟಿಯೊಂದು ಉಳಿಯುತ್ತದೆ. ಅದನ್ನು ಎಸೆಯಬಾರದು, ಗಾಳಿಪಟದ ಬಾಲಕ್ಕೆ ಬೇಕಾಗುತ್ತದೆ.

ಮೊದಲ ಭಾನುವಾರಕ್ಕೆ ನನ್ನ ಆಯ್ಕೆ ಪೆಂಗ್ವಿನ್. ಕಪ್ಪು ಗ್ಲೇಜ್ ಕಾಗದವನ್ನು ಬಿಳಿ ಮೈ ಮೇಲಿರುವಂತೆ, ಒಂದು ಮೂಲೆ ಎದೆಯ ಕಡೆಗೆ ಬರುವಂತೆ ಇಟ್ಟು, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಒಂದು ಗೆರೆ ಮೂಡಿಸಿ ಬಿಡಿಸಬೇಕು. ಬಳಿಕ ಎಡ ಮತ್ತು ಬಲ ಮೂಲೆಗಳನ್ನು ಮೇಲಿನ ಮೂಲೆಯಿಂದ ಓರೆಯಾಗಿ ಹೊರಡುವ ಮಡಿಕೆ ಹಾಕಿ ಒಳಕ್ಕೆ ತರಬೇಕು, ಆದರೆ ನಡುಗೆರೆಗೆ ತಾಗಿಸಬಾರದು. ತಾಗಿಸದೆ ಬಿಟ್ಟ ಜಾಗವೇ ಬಿಳಿ ಹೊಟ್ಟೆಯಾಗುತ್ತದೆ, ಎರಡು ಕಡೆಯ ಕಪ್ಪು ತ್ರಿಕೋನಗಳು ರೆಕ್ಕೆಗಳಾಗುತ್ತವೆ. ಮೇಲಿನ ತುದಿಯನ್ನು ಮುಂದಕ್ಕೆ ಬಾಗಿಸಿದರೆ ಕಪ್ಪು ತಲೆ, ಕೆಳಗಿನ ತುದಿಯನ್ನು ಹಿಂದಕ್ಕೆ ಮಡಿಸಿದರೆ ಪಾದ. ಎಡ ರೆಕ್ಕೆ ದಪ್ಪ, ಬಲ ರೆಕ್ಕೆ ತೆಳು ಆದರೆ ಅದು ವಾಲಿ ನಡೆಯುವ ಪೆಂಗ್ವಿನ್ ಆಗುತ್ತದೆಯೇ ಹೊರತು ಕೆಡುವುದಿಲ್ಲ.

ಇಲ್ಲಿ ಮಕ್ಕಳ ಬೆರಳುಗಳನ್ನು ಸ್ವಲ್ಪ ಹತ್ತಿರದಿಂದ ಗಮನಿಸಬೇಕು. ದೊಡ್ಡವರು ಮೂಲೆಯನ್ನು ಹೊಂದಿಸಿ ಆಮೇಲೆ ಒತ್ತುತ್ತಾರೆ. ಐದು ವರ್ಷದ ಮಗು ಮೊದಲು ಒತ್ತಿಬಿಡುತ್ತದೆ, ಆಮೇಲೆ ಮೂಲೆಯನ್ನು ಎಳೆದು ಹೊಂದಿಸಲು ನೋಡುತ್ತದೆ, ಹೀಗಾಗಿ ಒಂದರ ಪಕ್ಕದಲ್ಲಿ ಇನ್ನೊಂದರಂತೆ ಎರಡು ಮೂರು ಗೆರೆಗಳು ಏಳುತ್ತವೆ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಒಂದು ಕೈಯ ಎರಡು ಬೆರಳು ಮೂಲೆಯ ಮೇಲೆ ಕಾವಲು ಕೂತಿರಬೇಕು, ಇನ್ನೊಂದು ಕೈಯ ಹೆಬ್ಬೆರಳು ಮಡಿಕೆಯ ನಡುವನ್ನು ಮೊದಲು ಒತ್ತಿ ಬಳಿಕ ಎರಡೂ ಬದಿಗೆ ಜಾರಬೇಕು. ಕಾಗದ ಗಾಳಿಯಲ್ಲಿರಕೂಡದು, ಮೇಜಿನ ಮೇಲೋ ನೆಲದ ಮೇಲೋ ಇರಬೇಕು. ಎಡ-ಬಲದ ಗೊಂದಲಕ್ಕೆ ಹಣೆಗೆ ಹಚ್ಚುವ ಟಿಕಲಿಗಳೇ ಮದ್ದು: ಒಂದು ಮೂಲೆಗೆ ಕೆಂಪು ಟಿಕಲಿ, ಇನ್ನೊಂದಕ್ಕೆ ಹಸಿರು ಅಂಟಿಸಿ, 'ಕೆಂಪು ಮೂಲಿ ಒಳಗ ಬರಲಿ' ಎಂದರೆ ಯಾರೂ ತಪ್ಪುವುದಿಲ್ಲ. ನಾನು ಎದುರಿಗೆ ಕೂರದೆ ಮಕ್ಕಳ ಸಾಲಿನಲ್ಲೇ ಕೂರುತ್ತೇನೆ, ಏಕೆಂದರೆ ಎದುರು ಕೂತವರ ಕೈ ಅವರಿಗೆ ತಿರುಗುಮುರುಗಾಗಿ ಕಾಣುತ್ತದೆ.

ಪುಣೆಯ ಮಕ್ಕಳು ಹಿಮ ಕಂಡವರಲ್ಲ, ಆದರೆ ಬೆಳಗಿನ ಶಾಲಾ ಬಸ್ಸಿಗಾಗಿ ಉಣ್ಣೆಯ ಟೋಪಿ ಹಾಕಿಕೊಂಡು ನಿಲ್ಲುವುದು ಅವರಿಗೆ ಚೆನ್ನಾಗಿ ಗೊತ್ತು. ಆ ಟೋಪಿಯನ್ನು ಮಾಡಲು, ಬಣ್ಣದ ಮೈ ಮೇಲಿಟ್ಟು ಕೆಳಗಿನ ಅಂಚನ್ನು ಎರಡು ಬೆರಳಗಲ ಮೇಲಕ್ಕೆ ಮಡಿಸಿದರೆ ಬಿಳಿ ಪಟ್ಟಿ ಸಿಗುತ್ತದೆ. ಕಾಗದವನ್ನು ತಿರುವಿ ಎರಡೂ ಬದಿಗಳನ್ನು ನಡುವಿಗೆ ತಂದು, ಮೇಲಿನ ಎರಡು ಮೂಲೆಗಳನ್ನು ಒಳಕ್ಕೆ ಮಡಿಸಿ, ಮತ್ತೆ ತಿರುವಿದರೆ ಟೋಪಿ. ತುದಿಗೆ ಹತ್ತಿಯ ಉಂಡೆ ಅಂಟಿಸುವ ಕೆಲಸಕ್ಕೆ ಮಡಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಅದರಲ್ಲಿ ತಪ್ಪೇನಿಲ್ಲ. ತಲೆಗೇ ಹಾಕಿಕೊಳ್ಳುವ ಟೋಪಿ ಬೇಕೆಂದವರಿಗೆ ಹಳೆಯ ದಿನಪತ್ರಿಕೆ ಇದ್ದೇ ಇದೆ. ಇಲ್ಲಿನ ಖಗೋಳ ವಿಜ್ಞಾನ ಸಂಶೋಧನಾ ಸಂಸ್ಥೆಯಾದ ಅಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಅರವಿಂದ ಗುಪ್ತಾ ಅವರು ಅಂತಹ ಬಗೆಬಗೆಯ ಟೋಪಿಗಳನ್ನು ಮಕ್ಕಳಿಗೆ ತೋರಿಸಿಕೊಟ್ಟಿದ್ದಾರೆ.

ಕ್ರಿಸ್‌ಮಸ್ ಮರಕ್ಕೆ ಚೌಕದ ಎರಡು ಅಂಚುಗಳನ್ನು ಮೂಲೆಯಿಂದ ಮೂಲೆಗೆ ಹೋಗುವ ನಡುಗೆರೆಗೆ ತಾಗಿಸಿ, ಉಳಿದ ತುಂಡು ತ್ರಿಕೋನವನ್ನು ಹಿಂದಕ್ಕೆ ಮಡಿಸಿದರೆ ಸಾಕು. 15, 12 ಮತ್ತು 9 ಸೆಂಟಿಮೀಟರ್ ಚೌಕಗಳಿಂದ ಮೂರನ್ನು ಮಾಡಿ ಒಂದರ ಮೇಲೊಂದು ಅಂಟಿಸುತ್ತೇವೆ. 90 ಡಿಗ್ರಿಯ ಮೂಲೆ ಹೀಗೆ 45 ಆಗುವುದನ್ನು ಏಳು ವರ್ಷದವರು ತಾವಾಗಿಯೇ ಕಾಗದದ ಮೇಲೆ ಕಾಗದ ಇಟ್ಟು ನೋಡುತ್ತಾರೆ. 1893ರಲ್ಲಿ ಮದ್ರಾಸಿನಲ್ಲಿ ಟಿ. ಸುಂದರ ರಾವ್ ಅವರು ರೇಖಾಗಣಿತವನ್ನು ಬರಿಯ ಕಾಗದದ ಮಡಿಕೆಗಳಿಂದ ವಿವರಿಸಿ ಪುಸ್ತಕ ಪ್ರಕಟಿಸಿದ್ದು, ಅದಕ್ಕೆ ಅವರಿಗೆ ಪ್ರೇರಣೆ ಸಿಕ್ಕಿದ್ದು ಪುಟ್ಟ ಮಕ್ಕಳ ಕಿಂಡರ್‌ಗಾರ್ಟನ್ ಸಾಮಗ್ರಿಯಿಂದ ಎಂಬುದನ್ನು ನಾನು ತಾಯಂದಿರಿಗೆ ಹೇಳುವುದುಂಟು. 'ಬರೇ ಆಟ ಆಡಸ್ತೀರಿ' ಎನ್ನುವವರ ಬಾಯಿ ಅಷ್ಟಕ್ಕೆ ಮುಚ್ಚುತ್ತದೆ. ಇದೇ ಮರದ ಕೊನೆಯ ಮಡಿಕೆಯನ್ನು ಬಿಟ್ಟು ಉದ್ದನೆಯ ಚೂಪು ಕೆಳಗೆ ಬರುವಂತೆ ತಿರುಗಿಸಿದರೆ ಜನವರಿಗೆ ಬೇಕಾದ ಗಾಳಿಪಟ ಸಿದ್ಧ, ಆಗ ಎತ್ತಿಟ್ಟ ಎ4 ಪಟ್ಟಿಯಿಂದ ಬಾಲ.

ಹಿಮದ ಹರಳನ್ನು ಮಾಡಲು ಕತ್ತರಿ ಬೇಕು, ಹಾಗಾಗಿ ಶಾಸ್ತ್ರ ಹೇಳುವವರು ಅದನ್ನು ಓರಿಗಾಮಿ ಎನ್ನಲೊಪ್ಪುವುದಿಲ್ಲ. ನನ್ನ ತಕರಾರು ಬೇರೆ: ಕಾಗದವನ್ನು ಅರ್ಧ, ಅರ್ಧದ ಅರ್ಧ ಎಂದು ಮಡಿಸಿ ಕತ್ತರಿಸಿದ ನಾಲ್ಕು ಅಥವಾ ಎಂಟು ತೋಳಿನ ಹರಳುಗಳೇ ಎಲ್ಲೆಡೆ ತೂಗಾಡುತ್ತವೆ, ಆದರೆ ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಆರು ಮೂಲೆಯ ಜೋಡಣೆಯಲ್ಲಿ ಕೂಡುವುದರಿಂದ ನಿಜವಾದ ಹಿಮದ ಹರಳಿಗೆ ಆರು ತೋಳು. 1885ರಲ್ಲಿ ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹರಳಿನ ಚಿತ್ರ ತೆಗೆದ. ಅವನ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿ ತೋಳುಗಳನ್ನು ಎಣಿಸಲು ಹೇಳಿದರೆ ಮಕ್ಕಳಿಗೆ ಬೇರೆ ಪಾಠ ಬೇಕಿಲ್ಲ. ಆರು ತೋಳಿಗಾಗಿ ಅರ್ಧ ಮಡಿಸಿ, ನಡುಬಿಂದುವಿನಿಂದ ಮೂರು ಸಮಪಾಲು ಮಾಡಿ, ಮತ್ತೊಮ್ಮೆ ಅರ್ಧ ಮಡಿಸಬೇಕು. ಮೂರು ಪಾಲು ಮಾಡುವುದು ಸೊಟ್ಟಗಾದರೆ ಹರಳೇ ಹೋಯಿತು, ಅದಕ್ಕೆ ಆ ಒಂದು ಮಡಿಕೆಯನ್ನು ನಾನೇ ಹಾಕಿಕೊಡುತ್ತೇನೆ. ಕೊನೆಗೆ ಹನ್ನೆರಡು ಪದರ ಆಗುವುದರಿಂದ ಮಕ್ಕಳ ಮೊಂಡು ಕತ್ತರಿಗೆ ಝೆರಾಕ್ಸ್ ಕಾಗದ ಬಗ್ಗದು. ಸಂಕ್ರಾಂತಿಗೆಂದು ಮಾರುಕಟ್ಟೆಗೆ ಬರುವ ತೆಳ್ಳನೆಯ ಗಾಳಿಪಟದ ಕಾಗದವಾದರೆ ಸಲೀಸು.

ಸಂಕ್ರಾಂತಿಗೆ ಮುಂಚಿನ ವಾರ ಆರು ವರ್ಷ ದಾಟಿದವರಿಗೆ ಮಾತ್ರ ಜಪಾನಿನ ಮಾಸು ಡಬ್ಬಿ. ನಮ್ಮ ಪಾವು, ಸೇರುಗಳಂತೆ ಅಲ್ಲಿ ಅಕ್ಕಿ ಅಳೆಯುತ್ತಿದ್ದ ಮರದ ಚೌಕದ ಮಾಪನದ ಆಕಾರ ಅದು. ಮೇಲೆ ಹೇಳಿದ ನಿಯಮಕ್ಕೆ ಇದೂ ಅಪವಾದ: ಇದು ಸೊಟ್ಟತನವನ್ನು ಸಹಿಸದು. ನಾಲ್ಕೂ ಮೂಲೆಗಳನ್ನು ನಡುವಿಗೆ ತಂದು, ಅಂಚುಗಳನ್ನು ನಡುಗೆರೆಗೆ ಮಡಿಸಿ ಬಿಡಿಸಿ ಗೆರೆ ಮೂಡಿಸುವವರೆಗೆ ಮಕ್ಕಳು ಮಾಡುತ್ತಾರೆ. ಎದುರುಬದುರಿನ ಎರಡು ಮೂಲೆಗಳನ್ನು ಬಿಡಿಸಿ ಮೂರನೆಯ ಗೋಡೆಯನ್ನು ಎಬ್ಬಿಸುವಾಗ ಎರಡು ಕೈ ಸಾಲವು. ಆಗ ಪಕ್ಕದ ಮಗು ಎರಡು ಗೋಡೆಗಳನ್ನು ಹಿಡಿದುಕೊಳ್ಳಬೇಕೆಂಬ ಕಟ್ಟಳೆ ಮಾಡಿದ್ದೇನೆ. 15 ಸೆಂಟಿಮೀಟರ್ ಚೌಕದಿಂದ ಸುಮಾರು 5.3 ಸೆಂಟಿಮೀಟರ್ ಬದಿಯ, ಅದರ ಅರ್ಧದಷ್ಟು ಎತ್ತರದ ಡಬ್ಬಿ ಬರುತ್ತದೆ. ಎ4ನಿಂದ ಕತ್ತರಿಸಿದ ಚೌಕದಿಂದ 7.4 ಸೆಂಟಿಮೀಟರಿನದು, ಮನೆಗಳಿಗೆ ಹಂಚಲು ಅದೇ ಅನುಕೂಲ. ವರ್ಷ ಮುಗಿದ ಕ್ಯಾಲೆಂಡರಿನ ದಪ್ಪ ಹಾಳೆಯಿಂದ ಮಾಡಿದ್ದು ಇನ್ನೂ ಗಟ್ಟಿ, ಆದರೆ ಅದರ ಗೆರೆಗಳನ್ನು ಮೊದಲು ಸ್ಕೇಲಿನಿಂದ ತೀಡಿಕೊಡಬೇಕು. ಡಬ್ಬಿಗೆ ಕುಸುರೆಳ್ಳು ತುಂಬಿದರೆ ಚಿಂತೆಯಿಲ್ಲ; ಎಳ್ಳು-ಬೆಲ್ಲವನ್ನಾಗಲಿ ಇಲ್ಲಿಯವರ ತಿಳಗುಳದ ಉಂಡೆಯನ್ನಾಗಲಿ ಇಡುವುದಾದರೆ ಎಣ್ಣೆ ಕಾಗದಕ್ಕೆ ಇಳಿಯದಂತೆ ತಳಕ್ಕೆ ಬಟರ್ ಪೇಪರಿನ ತುಂಡೊಂದನ್ನು ಹಾಕಿ, ಹಂಚಲು ಹೊರಡುವ ಹೊತ್ತಿಗೆ ತುಂಬುವುದು ಒಳ್ಳೆಯದು.